ಇಪ್ಪತ್ತಮೂರನೆಯ ಪ್ರಯೋಗ

೩ ಫೆಬ್ರವರಿ ೨೦೨೫, ಸೋಮವಾರ. ಹೊನ್ನಾವರ.

ಮಧ್ಯಾಹ್ನ ತಮ್ಮನನ್ನು ಮನೆಗೆ ಕರೆತಂದರು. ಹೊತ್ತು ತಂದರು ಎಂದು ಬರೆಯುವುದೇ ಸರಿ. ಬಲಗೈ, ಬಲಗಾಲು ಎರಡಕ್ಕೂ ಸ್ವಾಧೀನವಿಲ್ಲ. ಮಾತೂ ಹೋಗಿದೆ, ಒಂದು ಪದದ ಹೊರತು. ಆ ಪದ ‘ರೈಟ್’.

ಶಾಂತಾರಾಮ ಭಟ್ಕಳ–ಕುಮಟಾ ಬಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ನಿರ್ವಾಹಕನಾಗಿದ್ದವನು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ ತಾಯಿಯ ಹೆಸರು ಹೋಯಿತು, ಮಗಳ ಹೆಸರು ಹೋಯಿತು, ಅನ್ನ ನೀರು ಎಂಬ ಪದಗಳೂ ಹೋದವು. ಬಸ್ಸು ಬಿಡುವಾಗ ಕೂಗುತ್ತಿದ್ದ ಆ ಪದ ಮಾತ್ರ ನಾಲಿಗೆಗೆ ಅಂಟಿಕೊಂಡು ಉಳಿಯಿತು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನ ಒಡಹುಟ್ಟಿದವನಿಗೆ ಉಳಿದದ್ದು ಒಂದೇ ಪದ, ಅದೂ ಇಂಗ್ಲಿಷಿನದು.

ಮಗಳು ಶರ್ಮಿಳಾ ಕುಮಟೆಯಲ್ಲಿ ನೌಕರಿಯಲ್ಲಿದ್ದಾಳೆ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ತಂದೆ–ಮಗಳು ಇಬ್ಬರೇ. ಅವಳ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿದೆ. ನೆಲಮಹಡಿಯ ಮನೆ ಸಿಗುವವರೆಗೆ ತಂದೆ ಇಲ್ಲಿರಲಿ ಎಂದು ಅವಳ ಕೋರಿಕೆ.

“ಯುಗಾದಿ ಒಳಗೆ ಮನೆ ನೋಡ್ತೆ ದೊಡ್ಡಪ್ಪ. ಅಲ್ಲಿವರೆಗೆ ಮಾತ್ರ.”

“ನೀನು ಕರೆದೊಯ್ಯುವ ಹೊತ್ತಿಗೆ ನಿನ್ನ ತಂದೆ ಕನ್ನಡ ಮಾತನಾಡುತ್ತಾನೆ. ಅದು ನನ್ನ ಹೊಣೆ” ಎಂದೆ. ಮನೆಯೊಳಗೂ ನಾನು ಬರೆಯುವ ಕನ್ನಡವನ್ನೇ ಆಡುವವನು.

ಆಸ್ಪತ್ರೆಯವರು ಎರಡು ಹಾಳೆಗಳ ಸೂಚನೆ ಕೊಟ್ಟಿದ್ದಾರೆ, ಇಂಗ್ಲಿಷಿನಲ್ಲಿ. ಔಷಧಿಯ ಹೊತ್ತುಗಳನ್ನಷ್ಟೇ ಶರ್ಮಿಳೆಯಿಂದ ಹೇಳಿಸಿ ಬರೆದುಕೊಂಡೆ. “ಉಳಿದದ್ದು ಓದಿ ನೋಡು ದೊಡ್ಡಪ್ಪ” ಎಂದು ಹೇಳಿ ಅವಳು ಬಸ್ಸಿಗೆ ಓಡಿದಳು. ಹಾಳೆಗಳನ್ನು ಪಂಚಾಂಗದ ಕೆಳಗೆ ಇರಿಸಿದೆ. ಓದಲು ಬಾರದೆ ಅಲ್ಲ. ರೋಗಿಯ ಭಾಷೆಯಲ್ಲಿ ಬರೆಯಲು ಬಾರದವರಿಂದ ಪಾಠ ಹೇಳಿಸಿಕೊಳ್ಳುವ ಅಗತ್ಯ ನನಗಿಲ್ಲ.

೫ ಫೆಬ್ರವರಿ, ಬುಧವಾರ.

ಒಂದು ಹೊಸ ನೋಟುಪುಸ್ತಕದಲ್ಲಿ ಈ ಪದದ ಪ್ರಯೋಗಗಳನ್ನು ಪಟ್ಟಿ ಮಾಡತೊಡಗಿದ್ದೇನೆ. ಇದು ದೋಷಾರೋಪಣೆಯ ಪಟ್ಟಿ. ಒಂದೇ ಪದ ಇಷ್ಟೊಂದು ಕೆಲಸಗಳಿಗೆ ಕೈಹಾಕಿ ಎಷ್ಟು ಕನ್ನಡ ಪದಗಳ ಜಾಗ ಕಸಿದುಕೊಂಡಿದೆ ಎಂಬುದು ದಾಖಲಾಗಬೇಕು.

ಒಂದು, ಬಲಗಡೆ. ಎರಡು, ಸರಿ. ಮೂರು, ಹಕ್ಕು. ನಾಲ್ಕು, ಉತ್ತರ ಸರಿಯಾದಾಗ ಹಾಕುವ ಗುರುತು. ಮಕ್ಕಳು ಪುಸ್ತಕ ತಂದು “ಸರ್, ರೈಟ್ ಹಾಕಿ” ಎನ್ನುತ್ತಿದ್ದರು. ನಾನು ಆ ಗುರುತನ್ನು ಒಂದು ದಿನವೂ ಹಾಕಿದವನಲ್ಲ. ‘ಸರಿ’ ಎಂದು ಎರಡಕ್ಷರ ಬರೆದು ಕೊಡುತ್ತಿದ್ದೆ. ಹಾಗೆ ಕೇಳಿದ ಹುಡುಗನನ್ನು ಧ್ವಜಕಂಬದ ಬಳಿ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದೆ. ಐದು, ಬಸ್ಸು ಹೊರಡಲಿ.

ಇವು ಲೋಕದ ಪ್ರಯೋಗಗಳು. ಶಾಂತಾರಾಮನವು ಬೇರೆ. ಮೊಟಕಾಗಿ ಹೇಳಿದರೆ ಹೌದು. ಕೊನೆ ಏರಿದರೆ ಪ್ರಶ್ನೆ. ಎರಡು ಬಾರಿ ಒತ್ತಿ ಹೇಳಿದರೆ ಸಾಕು, ಬಡಿಸಬೇಡ. ಎಳೆದು ಹೇಳಿದರೆ ಬಚ್ಚಲಿಗೆ ಒಯ್ಯಬೇಕು. ಇದು ತಿಳಿಯುವ ಮೊದಲು ಮೂರು ಪಂಚೆಗಳು ಹಾಳಾದವು. ತೊಳೆದವಳು ಬಂಗಾರಿ. ಹತ್ತಿರದ ಮಂಕಿ ಊರಿನಿಂದ ದಿನಕ್ಕೆರಡು ಹೊತ್ತು ಬರುವ ಹಾಲಕ್ಕಿ ಒಕ್ಕಲಿಗರ ಹೆಂಗಸು. ಮನೆಗೆಲಸಕ್ಕೆಂದು ಇಟ್ಟುಕೊಂಡವಳು ಈಗ ಅವನ ಸ್ನಾನವನ್ನೂ ನೋಡಿಕೊಳ್ಳುತ್ತಾಳೆ.

೧೧ ಫೆಬ್ರವರಿ, ಮಂಗಳವಾರ.

ಪಾಠ ಆರಂಭವಾಗಿದೆ. ಬೆಳಿಗ್ಗೆ ಒಂಬತ್ತರಿಂದ ಹತ್ತು, ಸಂಜೆ ನಾಲ್ಕರಿಂದ ಐದು. ಮೂರೇ ಪದಗಳನ್ನು ಆರಿಸಿಕೊಂಡಿದ್ದೇನೆ: ನೀರು, ಅನ್ನ, ಅಣ್ಣ.

ನಿಯಮಗಳು ಕಟ್ಟುನಿಟ್ಟು. ಸನ್ನೆಗೆ ಅಂಕವಿಲ್ಲ. ನಿಷಿದ್ಧ ಪದ ಬಾಯಿಗೆ ಬಂದರೆ ಮೇಜಿನ ಮೇಲೆ ಅಡಿಪಟ್ಟಿಯಿಂದ ಒಂದು ಏಟು, ಮೇಜಿಗೆ ಮಾತ್ರ. ಇಂದು ನಲವತ್ತೊಂದು ಏಟುಗಳಾದವು. ಪ್ರತಿ ಏಟಿಗೂ ಅವನು ಎಡಗಣ್ಣು ಮುಚ್ಚುತ್ತಾನೆ. ಹುಡುಗನಾಗಿದ್ದಾಗಲೂ ಹೀಗೆಯೇ ಮುಚ್ಚುತ್ತಿದ್ದ. ಆಗ ಅವನಿಗೆ ಎಸ್ಸೆಸ್ಸೆಲ್ಸಿಯ ಪಾಠ ಹೇಳಿಕೊಟ್ಟವನೂ ನಾನೇ. ಗಣಿತ, ಇಂಗ್ಲಿಷು ಎಲ್ಲವೂ ದಾಟಿ ಕನ್ನಡದಲ್ಲಿ ಅನುತ್ತೀರ್ಣನಾದ. ಅದು ನನ್ನನ್ನು ಅವಮಾನಿಸಲೆಂದೇ ಮಾಡಿದ್ದು ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

೨೦ ಫೆಬ್ರವರಿ, ಗುರುವಾರ.

ಪಟ್ಟಿ ಹದಿನಾರಕ್ಕೆ ಮುಟ್ಟಿತು.

ಹನ್ನೊಂದು: ಕಾಗೆಯನ್ನು ಓಡಿಸಲು. ಹದಿಮೂರು: ಗಂಜಿಗೆ ಉಪ್ಪು ಕಡಿಮೆಯಾದಾಗ ಮೂಗಿನಿಂದ. ಹದಿನೈದು: ಬಂಗಾರಿ ಬೆನ್ನಿಗೆ ಬಿಸಿನೀರು ಹೊಯ್ದಾಗ ನಗೆಯೊಂದಿಗೆ. ಹದಿನಾರು: ಇಂದು ಮೊದಲ ಬಾರಿ ಕೇಳಿದೆ. ನನ್ನ ಹೆಂಡತಿ ವನಮಾಲೆಯ ಭಾವಚಿತ್ರದ ಎದುರಿಗೆ ಅವನ ಕುರ್ಚಿಯನ್ನು ಸರಿಸಿದ್ದೆ. ಚಿತ್ರವನ್ನು ಬಹಳ ಹೊತ್ತು ನೋಡಿ, ಬಾಗಿಲು ಮೆಲ್ಲಗೆ ಮುಚ್ಚುವ ಹಾಗೆ ಹೇಳಿದ. ಇದಕ್ಕೆ ಅರ್ಥ ಬರೆಯಲಾಗಲಿಲ್ಲ. ಜಾಗ ಬಿಟ್ಟಿದ್ದೇನೆ.

ವನಮಾಲೆ ಇದ್ದಷ್ಟು ದಿನ ಅವನಿಗೆಂದು ಒಂದು ತಟ್ಟೆ ಊಟ ಮುಚ್ಚಿಡುತ್ತಿದ್ದಳು. ಬಸ್ಸು ಅರ್ಧ ತಾಸು ನಿಲ್ಲುವ ಹೊತ್ತಿಗೆ ಹಿಂಬಾಗಿಲಿನಿಂದ ಬಂದು ಉಂಡು ಹೋಗುತ್ತಿದ್ದ. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ಒಮ್ಮೆ ಸಹೋದ್ಯೋಗಿಗಳೊಂದಿಗೆ ಭಟ್ಕಳಕ್ಕೆ ಹೋಗುವಾಗ ಅವನದೇ ಬಸ್ಸು ಸಿಕ್ಕಿತು. “ಅಣ್ಣಯ್ಯಾ, ಬನ್ನಿ” ಎಂದು ಮುಂದಿನ ಸೀಟು ಒರೆಸಿದ. ನಾನು ಕೈ ನೀಡಿ “ಭಟ್ಕಳಕ್ಕೆ ಒಂದು ಚೀಟಿ ಕೊಡಿ” ಎಂದೆ. ಕೊಡಿ. ಅಪರಿಚಿತರಿಗೆ ಹೇಳುವ ಹಾಗೆ. ಅವನು ಚೀಟಿ ಹರಿದು ಕೊಟ್ಟು ಹಿಂದಕ್ಕೆ ಹೋದ. ಅಂದು ಭಟ್ಕಳದವರೆಗೆ ಅವನು ಆ ಪದವನ್ನು ಕೂಗಲಿಲ್ಲ, ಸೀಟಿಯನ್ನಷ್ಟೇ ಊದಿದ. ಅದನ್ನು ಆಗ ನಾನು ನನ್ನ ಮೇಲಿನ ಗೌರವವೆಂದು ತಿಳಿದಿದ್ದೆ.

ಇದು ಪಟ್ಟಿಗೆ ಸಂಬಂಧಿಸಿದ್ದಲ್ಲ.

೨ ಮಾರ್ಚ್, ಭಾನುವಾರ.

ಶರ್ಮಿಳಾ ಬಂದಿದ್ದಳು. ತಂದೆ ಅವಳ ಕೈಯನ್ನು ಎಡಗೈಯಿಂದ ಹಿಡಿದು ಬಿಡಲೇ ಇಲ್ಲ. ಒಂದೇ ಉಸಿರಿಗೆ ಏಳೆಂಟು ಬಾರಿ ಹೇಳಿದ. ಅವಳೂ ಅಷ್ಟೇ ಬಾರಿ “ರೈಟ್ ಅಪ್ಪ, ರೈಟ್” ಎಂದಳು. ಮೇಜಿಗೆ ಅಡಿಪಟ್ಟಿ ಬಡಿದೆ. ಇಬ್ಬರೂ ಬೆಚ್ಚಿದರು.

“ಇದೆಂತ ದೊಡ್ಡಪ್ಪ?”

“ಪಾಠದ ಕ್ರಮ. ನೀನು ಹೀಗೆ ಮುದ್ದು ಮಾಡಿದರೆ ನನ್ನ ಮೂರು ವಾರಗಳ ಶ್ರಮ ನೀರುಪಾಲಾಗುತ್ತದೆ.”

“ಅಪ್ಪ ಬಡಕಲಾಗಿದ್ದ.”

“ಬಾಯಿ ತೆರೆದು ಅನ್ನ ಎನ್ನಲಿ, ದಪ್ಪವಾಗುತ್ತಾನೆ.”

ನಕ್ಕಳೆಂದುಕೊಂಡೆ. ನಕ್ಕಿರಲಿಲ್ಲ. ಮನೆ ಇನ್ನೂ ಸಿಕ್ಕಿಲ್ಲವಂತೆ. ಅವಸರವಿಲ್ಲ ಎಂದೆ, ಎರಡು ಬಾರಿ.

೮ ಮಾರ್ಚ್, ಶನಿವಾರ.

ಈ ದಿನವನ್ನು ಮರೆಯಲಾರೆ.

ಅಂಚೆ ಕಚೇರಿಯ ಕೆಲಸ ಬೇಗ ಮುಗಿದು ಹನ್ನೊಂದಕ್ಕೇ ಹಿಂತಿರುಗಿದೆ. ಹಿತ್ತಲಿನಿಂದ ಹಾಡು ಕೇಳಿಸಿತು. ಬಂಗಾರಿ ತಾನು ಬೆಳೆದು ತಂದ ಈರುಳ್ಳಿಯನ್ನು ದಂಟು ಸಮೇತ ಹೆಣೆದು ಗೊಂಚಲು ಕಟ್ಟುತ್ತ ಕುಳಿತಿದ್ದಳು. ಪಕ್ಕದಲ್ಲಿ ಶಾಂತಾರಾಮನ ಕುರ್ಚಿ. ಹಾಡುತ್ತಿದ್ದದ್ದು ಒಂದು ಧ್ವನಿಯಲ್ಲ, ಎರಡು.

“ಬಾವೀಯ ಕಟ್ಟೀಲಿ ಕೊಡಪಾನ ಇಟ್ಟೋಳೆ, ನೀರಿಗೆ ಬಂದೋಳೆ ನಿಂತ್ಯಾಕೆ.”

ನೀರಿಗೆ. ಸ್ಪಷ್ಟವಾಗಿ, ದೀರ್ಘ ದೀರ್ಘವಾಗಿಯೇ, ರೇಫ ರೇಫವಾಗಿಯೇ. ನಾಲ್ಕು ವಾರಗಳಿಂದ ನಾನು ಗಂಟಲು ಹರಿದುಕೊಂಡು ಬೇಡಿದ ಪದವನ್ನು ಅವನು ಹಿತ್ತಲಿನಲ್ಲಿ ಕುಳಿತು ಕೆಲಸದ ಹೆಂಗಸಿನೊಂದಿಗೆ ರಾಗವಾಗಿ ಹಾಡುತ್ತಿದ್ದಾನೆ.

ನನ್ನನ್ನು ನೋಡಿದೊಡನೆ ಇಬ್ಬರೂ ನಿಲ್ಲಿಸಿದರು. ಬಂಗಾರಿಯ ಮುಖ ಅರಳಿತ್ತು. “ಕೇಳ್ದ್ರಾ ಮಾಸ್ತ್ರೇ? ನಾಕು ದಿನ ಆತು, ನಾ ಹೇಳ್ದಂಗೇ ಹೇಳ್ತ್ರು. ನಿಮ್ಗೆ ಒಂದೇ ಸಲ ತೋರ್ಸ್ವಾ ಅಂತ ಮಾಡಿದ್ದೆ.”

ನಾನು ಶಾಂತಾರಾಮನ ಎದುರು ನಿಂತು “ನೀರು ಎನ್ನು” ಎಂದೆ.

ಅವನು ತುಟಿ ಸರಿಮಾಡಿಕೊಂಡ. ಹಣೆಯಲ್ಲಿ ಬೆವರು ಬಂತು. “ರೈಟ್” ಎಂದ.

ಬಾರದೆ ಇರುವುದು ಬೇರೆ. ಬಂದೂ ಕೊಡದಿರುವುದು ಬೇರೆ. ಅವನಿಗೆ ಮಾತು ಬರುತ್ತದೆ. ನನ್ನೆದುರು ಆಡಲು ಮನಸ್ಸಿಲ್ಲ. ಐವತ್ತು ವರ್ಷಗಳ ಹಿಂದಿನ ಕನ್ನಡದ ಉತ್ತರಪತ್ರಿಕೆಯನ್ನು ಅವನು ಇನ್ನೂ ಖಾಲಿ ಬಿಟ್ಟು ಕುಳಿತಿದ್ದಾನೆ.

೯ ಮಾರ್ಚ್, ಭಾನುವಾರ.

ಹೊಸ ಕ್ರಮ. ನೀರಿನ ಲೋಟ ಅವನಿಗೆ ಕಾಣುವಂತೆ, ಎಡಗೈಗೆ ಎಟುಕದಂತೆ ಮೇಜಿನ ಮೇಲಿರುತ್ತದೆ. ಹೆಸರು ಹೇಳಿದರೆ ಸಿಗುತ್ತದೆ.

ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಹೇಳಲಿಲ್ಲ. ಸೆಕೆ ಬಹಳ. ಔಷಧಿ ನುಂಗಲು ಎರಡು ಗುಟುಕು ಕೊಟ್ಟೆ. ಅದನ್ನು ಕೃಪಾಂಕವೆಂದು ಪರಿಗಣಿಸಬೇಕು.

ಹದಿನೆಂಟನೆಯ ಪ್ರಯೋಗ: ಪಿಸುಮಾತಿನಲ್ಲಿ, ಲೋಟವನ್ನು ನೋಡುತ್ತ. ಅರ್ಥ: ಬಾಯಾರಿಕೆ. ಹತ್ತೊಂಬತ್ತು: ನನ್ನನ್ನು ನೋಡುತ್ತ, ತುಟಿ ಕಚ್ಚಿ. ಅರ್ಥ: ಬೈಗುಳವಿರಬಹುದು.

೧೦ ಮಾರ್ಚ್, ಸೋಮವಾರ.

ಹೇಳಲಿಲ್ಲ.

೧೩ ಮಾರ್ಚ್, ಗುರುವಾರ.

ಬಂಗಾರಿಯನ್ನು ಕೆಲಸದಿಂದ ಬಿಡಿಸಿದೆ. ಸ್ನಾನ ಮಾಡಿಸುವಾಗ ಚೊಂಬಿನಿಂದ ಅವನಿಗೆ ನೀರು ಕುಡಿಸುತ್ತಿದ್ದದ್ದು ಕಣ್ಣಿಗೆ ಬಿತ್ತು. ಪರೀಕ್ಷೆಯ ಕೊಠಡಿಯಲ್ಲಿ ಕದ್ದು ಉತ್ತರ ಹೇಳಿಕೊಡುವವರನ್ನು ಇಟ್ಟುಕೊಳ್ಳಲಾಗದು.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. “ದನ ಬಾಯ್ಬಿಟ್ಟು ನೀರು ಅಂದ್ಮೇಲೇ ಮರ್ಗಿಗೆ ನೀರು ಹೊಯ್ಯೂದಾ ಮಾಸ್ತ್ರೇ?”

“ಅವನು ದನವಲ್ಲ. ನನ್ನ ತಮ್ಮ.”

“ಹೌದಾ? ನಂಗೆ ಗುತ್ತಾಗ್ಲೇ ಇಲ್ಲ.”

“ಅವನಿಗೆ ಮಾತು ಬರುತ್ತದೆ. ನೀನೇ ಹಾಡಿಸಿದೆಯಲ್ಲ.”

“ಹಾಡು ಎದೀಲಿರ್ತದೆ, ಮಾತು ನಾಲ್ಗೀಲಿರ್ತದೆ. ನಮ್ಮಜ್ಜಿಗೂ ಹೀಂಗೇ ಆಗಿತ್ತು. ಸಾಯೂವರೆಗೆ ಹಾಡ್ತು. ಒಂದ್ ಮುಷ್ಟಿ ಅನ್ನ ಕೊಡಿ ಅಂಬೂಕೆ ಬರ್ಲಿಲ್ಲ.”

ಅಕ್ಷರ ಕಲಿಯದವರ ಶರೀರಶಾಸ್ತ್ರ. ಹೋಗು ಎಂದೆ. ಹೋಗುವಾಗ ಅವಳು ಶಾಂತಾರಾಮನ ಕಾಲಿನ ಬಳಿ ಒಂದು ಗೊಂಚಲು ಈರುಳ್ಳಿ ಇಟ್ಟು “ಬತ್ತೆ ಒಡೆಯಾ” ಎಂದಳು. ಅವನು ಹೇಳಿದ. ಇಪ್ಪತ್ತು.

೧೬ ಮಾರ್ಚ್, ಭಾನುವಾರ.

ಇಂದು ನಿಷಿದ್ಧ ಪದ ಒಂದು ಬಾರಿಯೂ ಕೇಳಿಸಲಿಲ್ಲ. ಮೇಜಿಗೆ ಒಂದೂ ಏಟು ಬೀಳಲಿಲ್ಲ. ಶಿಕ್ಷಣದಲ್ಲಿ ಮೊದಲು ಕಳೆ ಕೀಳಬೇಕು, ಆಮೇಲೆ ಬಿತ್ತಬೇಕು. ಮೊದಲ ಹಂತ ಪೂರ್ಣವಾಗಿದೆ.

ಶರ್ಮಿಳೆಗೆ ದೂರವಾಣಿಯಲ್ಲಿ ತಿಳಿಸಿದೆ. “ಅಪ್ಪನ ಹತ್ರ ಕೊಡು” ಎಂದಳು. ಕಿವಿಗೆ ಹಿಡಿದೆ. ಅವಳು ಅತ್ತ ಕಡೆಯಿಂದ ಅಪ್ಪ ಅಪ್ಪ ಎನ್ನುತ್ತಿದ್ದಳು. ಇವನು ಗೋಡೆ ನೋಡುತ್ತಿದ್ದ.

“ಎಂತ ಆತು ದೊಡ್ಡಪ್ಪ? ರೈಟೂ ಹೇಳ್ತ್ನಿಲ್ಲೆ.”

“ಅದೇ ಪ್ರಗತಿ” ಎಂದೆ.

೧೭ ಮಾರ್ಚ್, ಸೋಮವಾರ.

ಇಲ್ಲ.

೧೯ ಮಾರ್ಚ್, ಬುಧವಾರ.

ಮೂರು ದಿನಗಳಿಂದ ಮನೆಯಲ್ಲಿ ನನ್ನ ಧ್ವನಿಯೊಂದೇ. ಬಚ್ಚಲಿಗೆ ಒಯ್ಯಬೇಕಾದಾಗಲೂ ಹೇಳುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಂಡು ಸುಮ್ಮನೆ ಮಲಗಿರುತ್ತಾನೆ. ನಾನೇ ತೊಳೆಯುತ್ತೇನೆ. ಗಂಜಿಗೆ ಉಪ್ಪು ಹಾಕದೆ ಕೊಟ್ಟು ನೋಡಿದೆ. ಹದಿಮೂರನೆಯದು ಬರಬೇಕಿತ್ತು. ಬರಲಿಲ್ಲ. ಕಾಗೆ ಕಿಟಕಿಯ ಸರಳಿಗೇ ಬಂದು ಕುಳಿತಿತ್ತು. ಅದಕ್ಕೂ ಇಲ್ಲ.

ಅವನ ಕುರ್ಚಿಯನ್ನು ವನಮಾಲೆಯ ಚಿತ್ರದ ಎದುರಿಗೆ ಸರಿಸಿ ಒಳಗಿನ ಕೋಣೆಯಲ್ಲಿ ಕಿವಿಗೊಟ್ಟು ನಿಂತೆ. ಕಾಲು ಗಂಟೆ. ಪಟ್ಟಿಯ ದೃಷ್ಟಿಯಿಂದ ಮಾತ್ರ. ಹದಿನಾರರ ಅರ್ಥದ ಜಾಗ ಇನ್ನೂ ಖಾಲಿ ಇದೆ.

೨೨ ಮಾರ್ಚ್, ಶನಿವಾರ.

ಲೋಟ ಹಿಡಿದು ಅವನೆದುರು ಕುಳಿತೆ. “ನೀರು ಎನ್ನುವುದು ಬೇಡ. ಆ ಪದವನ್ನೇ ಹೇಳು. ಹೇಳಿದರೆ ಕುಡಿಸುತ್ತೇನೆ.”

ಸುಮ್ಮನಿದ್ದ.

“ಹೇಳು ಶಾಂತು. ಅಡಿಪಟ್ಟಿ ಇಲ್ಲ. ನೋಡು, ಅಟ್ಟಕ್ಕೆ ಎಸೆದಿದ್ದೇನೆ.”

ಶಾಂತು ಎಂದು ಕರೆದು ಎಷ್ಟು ವರ್ಷವಾಯಿತೋ. ಅವನ ಕಣ್ಣು ಲೋಟದ ಮೇಲೂ ಇರಲಿಲ್ಲ, ನನ್ನ ಮೇಲೂ ಇರಲಿಲ್ಲ. ಆಗ ನಾನೇ ಹೇಳಿ ತೋರಿಸಿದೆ. “ರೈಟ್.” ಮತ್ತೊಮ್ಮೆ, ಬಸ್ಸಿನಲ್ಲಿ ಹೇಳುವ ಧಾಟಿಯಲ್ಲಿ. ನನ್ನ ಉಚ್ಚಾರ ಸರಿಬರಲಿಲ್ಲ. ಅವನು ಎಡಗಣ್ಣು ಮುಚ್ಚಿದ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ನಿಯಮವೆಂದರೆ ನಿಯಮ. ಸಂಜೆಯವರೆಗೂ ಲೋಟ ಹಿಡಿದು ಕುಳಿತೆ. ಕೈ ಮರಗಟ್ಟಿತು. ಕೊನೆಗೆ ಆ ನೀರನ್ನು ನಾನೇ ಕುಡಿದೆ.

೨೪ ಮಾರ್ಚ್, ಸೋಮವಾರ.

ನಿನ್ನೆಯಿಂದ ಅವನಿಗೆ ಜ್ವರ. ತುಟಿ ಒಡೆದಿದೆ. ಬೆಳಿಗ್ಗೆ ಡಾಕ್ಟರನ್ನು ಕರೆಸಬೇಕೆಂದು ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಶರ್ಮಿಳಾ ಡಾಕ್ಟರೊಂದಿಗೇ ಬಂದಳು. ಹಿಂದೆ ಬಂಗಾರಿ. ಶನಿವಾರ ಸಂಜೆ ಅವಳು ಕಿಟಕಿಯ ಹೊರಗೆ ನಿಂತು ನೋಡಿದ್ದಳಂತೆ. ಕುಮಟೆಯ ಬಸ್ಸು ಹತ್ತಿ, ಮನೆ ಹುಡುಕಿಕೊಂಡು ಹೋಗಿ ಹೇಳಿದ್ದಾಳೆ.

ಡಾಕ್ಟರು ಅವನ ಕೈಯ ಚರ್ಮವನ್ನು ಚಿವುಟಿ ಬಿಟ್ಟರು. ಅದು ಎದ್ದದ್ದು ಎದ್ದೇ ನಿಂತಿತು. “ಇವರು ನೀರು ಕುಡಿದು ಎಷ್ಟು ದಿನ ಆತು?” ಎಂದು ಕೇಳಿದರು. ನಾನು ಚಪ್ಪಲಿ ಬಿಚ್ಚಿದೆ. ತೋಳಿಗೆ ಸೂಜಿ ಚುಚ್ಚಿ ಸಲೈನ್ ಏರಿಸಿದರು.

ಶರ್ಮಿಳಾ ಪಂಚಾಂಗದ ಕೆಳಗಿನಿಂದ ಆ ಹಾಳೆಗಳನ್ನು ಎಳೆದಳು. ಮಡಿಕೆ ಕೂಡ ಬಿಡಿಸಿರಲಿಲ್ಲ. ನಿಂತಲ್ಲೇ ಒಂದೊಂದಾಗಿ ಓದಿ ಅರ್ಥ ಹೇಳಿದಳು, ನಾನು ಹಿಂದಿನ ಬೆಂಚಿನ ಹುಡುಗನೋ ಎಂಬಂತೆ.

“ಇಲ್ಲಿ ಒತ್ತಾಯ ಮಾಡಲಾಗ ಹೇಳಿ ಇದ್ದು. ಒಂದೇ ಪದ ಹೇಳಿರೂ ತಿದ್ದಲಾಗ, ಅದ್ರಲ್ಲೇ ಮಾತಾಡ್ಸವು ಹೇಳಿ ಇದ್ದು. ನೀರು ಆಗಾಗ ಕೊಡವು ಹೇಳಿ ಇದ್ದು. ಮಾತು ಬಪ್ಪದಿಲ್ಲೆ, ಆದ್ರೆ ಹಾಡು ಬಂದ್ರೂ ಬಂತು, ಹಾಡ್ಸಿ ಹೇಳಿ ಇದ್ದು. ಕೇಳ್ತಾ ಇದ್ಯಾ ದೊಡ್ಡಪ್ಪ? ಹಾಡ್ಸಿ ಹೇಳೇ ಇದ್ದು.”

“ಕನ್ನಡದಲ್ಲಿ ಬರೆದಿದ್ದರೆ ಓದುತ್ತಿದ್ದೆ” ಎಂದೆ.

“ಬಂಗಾರಿ ಹೇಳಿದ್ದು ಕನ್ನಡದಲ್ಲೇ ಅಲ್ದಾ?”

ಅವಳು ಹಾಳೆಗಳನ್ನು ಮಡಚಿದಳು. “ಆನೇ ಅವತ್ತು ಪೂರ್ತಿ ಓದಿ ಹೇಳಿ ಹೋಗಕಾಗಿತ್ತು. ಮಾಸ್ತರ ಮನೆ, ಓದದೇ ಇರ್ತ್ವಿಲ್ಲೆ ಹೇಳಿ ತಿಳ್ಕಂಡಿ.”

ಬಂಗಾರಿ ಚಮಚದಲ್ಲಿ ಅವನ ತುಟಿಗೆ ನೀರು ಬಿಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಒಂದು ಚಮಚ, ಇನ್ನೊಂದು, ಮತ್ತೊಂದು. ಇಷ್ಟು ಸುಲಭದ ಕೆಲಸ ಅದು.

೨೫ ಮಾರ್ಚ್, ಮಂಗಳವಾರ.

ನೆಲಮಹಡಿಯ ಮನೆ ಸಿಕ್ಕಿಲ್ಲ. “ಸಿಗದಿದ್ರೂ ಅಡ್ಡಿಲ್ಲೆ. ಹೊತ್ಕಂಡು ಹತ್ತಿಸ್ತ್ಯ” ಎಂದಳು ಶರ್ಮಿಳಾ. ಬಂಗಾರಿಯೂ ಒಂದು ತಿಂಗಳ ಮಟ್ಟಿಗೆ ಅವರೊಂದಿಗೆ ಕುಮಟೆಯಲ್ಲಿ ಇರುತ್ತಾಳಂತೆ.

ಜ್ವರ ಇಳಿದಿತ್ತು. ಹತ್ತು ಗಂಟೆಗೆ ವ್ಯಾನು ಬಂತು. ಚಾಲಕನೂ ಬಂಗಾರಿಯೂ ಸೇರಿ ಅವನನ್ನು ಎತ್ತಿ ನಡುವಿನ ಸೀಟಿನಲ್ಲಿ, ಎಡಗಡೆಯ ಕಿಟಕಿಯ ಬಳಿ ಕೂರಿಸಿದರು. ಶರ್ಮಿಳಾ ಪಕ್ಕದಲ್ಲಿ. ಬಂಗಾರಿ ಹಿಂದೆ, ಗಂಟುಗಳ ನಡುವೆ. ಮುಂದೆ ಚಾಲಕನ ಪಕ್ಕದ ಸೀಟು ಖಾಲಿ ಇತ್ತು.

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೊಡೆ ಹಿಡಿದು ಗೇಟಿನ ಬಳಿ ನಿಂತಿದ್ದೆ. ಕೈಚೀಲದಲ್ಲಿ ಎರಡು ಪಂಚೆ, ಪಟ್ಟಿಯ ಪುಸ್ತಕ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ.

“ಔಷಧಿ ಎಲ್ಲ ತಗಂಡ್ಯಾ ಬಂಗಾರಿ?” ಎಂದಳು ಶರ್ಮಿಳಾ.

“ಆತು ತಂಗಿ.”

ನಾನು ಕಿಟಕಿಯ ಹತ್ತಿರ ಹೋದೆ. ಅವನು ನನ್ನನ್ನು ನೋಡಿದ. ದ್ವೇಷವೇನೂ ಇರಲಿಲ್ಲ. ದಾರಿಯ ಬದಿಯಲ್ಲಿ ಸುಮ್ಮನೆ ನಿಂತವನು ಬಸ್ಸಿಗೆ ಬರುವವನೋ ಅಲ್ಲವೋ ಎಂದು ಕಂಡಕ್ಟರರು ಒಮ್ಮೆ ಕಣ್ಣು ಹಾಯಿಸುತ್ತಾರಲ್ಲ, ಅಷ್ಟೇ. ಆಮೇಲೆ ಎಡಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಬಾಗಿಲಿನ ತಗಡಿಗೆ ಎರಡು ಬಾರಿ ಬಡಿದ. ಒಂಬತ್ತು ದಿನಗಳ ಮೇಲೆ ಬಾಯಿ ತೆರೆದ. ಧ್ವನಿ ಒಡೆದಿತ್ತು. ಆದರೂ ಮೂರು ಮನೆಗಳಾಚೆ ಕೇಳುವಷ್ಟಿತ್ತು.

ಶರ್ಮಿಳಾ ಅಳುತ್ತ ನಕ್ಕಳು. ವ್ಯಾನು ಹೊರಟಿತು. ಹೆದ್ದಾರಿಯ ತಿರುವಿನಲ್ಲಿ ಮರೆಯಾಗುವ ಮೊದಲು ಬಂಗಾರಿಯ ಹಾಡು ಶುರುವಾದದ್ದೂ ಕೇಳಿಸಿತು. ಎರಡನೆಯ ಧ್ವನಿ ಇತ್ತೋ ಇಲ್ಲವೋ ಖಚಿತವಾಗಿ ಬರೆಯಲಾರೆ.

ಒಳಗೆ ಬಂದು ಪುಸ್ತಕ ತೆರೆದೆ. ಇಪ್ಪತ್ತೊಂದು ಮತ್ತು ಇಪ್ಪತ್ತೆರಡು ನನ್ನವು, ಶನಿವಾರ ನಾನೇ ಉಚ್ಚರಿಸಿದವು. ಅರ್ಥವಿಲ್ಲದ ಪ್ರಯೋಗಗಳೆಂದು ಅಂದೇ ಗುರುತಿಸಿದ್ದೇನೆ. ಹದಿನಾರರ ಎದುರಿನ ಜಾಗ ಹಾಗೆಯೇ ಇದೆ.

ಇಪ್ಪತ್ತಮೂರು: ಗಟ್ಟಿಯಾಗಿ, ಒಂದೇ ಬಾರಿ, ಕೈಯಿಂದ ತಗಡು ಬಡಿದು. ಅರ್ಥದಲ್ಲಿ ಸಂದೇಹವಿಲ್ಲ.

ಹತ್ತಬೇಕಾದವರೆಲ್ಲ ಹತ್ತಿದ್ದಾರೆ.